ಬಚ್ಚಲೊಲೆಯ ಸುತ್ತ ಒಂದು ಮಳೆದಿನ

ನೋಡು ಮಗ, ಹೇಳುತ್ತೇನೆ ಅಂತ ಬೇಜಾರು ಮಾಡಿಕೊಳ್ಳಬೇಡ. ಬೆಂಗಳೂರಿನ ಕೆಲಸ ಬಿಟ್ಟು ಇಬ್ಬರೂ ತೋಟದ ಮನೆಗೆ ಬಂದಿರಿ, ನನಗೂ ಸಂತೋಷವೇ. ಆದರೆ ಏಪ್ರಿಲ್ ತಿಂಗಳ ತೀರ್ಥಹಳ್ಳಿ ನೋಡಿ ಬಂದವರಿಗೆ ಪುನರ್ವಸು ಮಳೆಯ ತೀರ್ಥಹಳ್ಳಿ ಬೇರೆಯೇ ಊರು. ಬೆಂಗಳೂರಲ್ಲಿ ವರ್ಷಪೂರ್ತಿ ಬೀಳುವುದು ಸರಾಸರಿ 1,000 ಮಿಲಿಮೀಟರ್‌ನಷ್ಟು. ಇಲ್ಲೇ ಪಕ್ಕದ ಆಗುಂಬೆಯಲ್ಲಿ 7,500ರ ಆಸುಪಾಸು, ಅದರಲ್ಲೂ ಮುಕ್ಕಾಲು ಪಾಲಿಗಿಂತ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಅಂಥ ದಿನ ಬೆಳಗ್ಗೆ ಎದ್ದು, ‘ಇವತ್ತು ಏನೂ ಮಾಡೋ ಹಾಗಿಲ್ಲ’ ಅಂತ ನೀನು ಮೊಬೈಲ್ ಹಿಡಿದು ಜಗಲಿಯಲ್ಲಿ ಕೂತರೆ ಯಾರೂ ಬಯ್ಯುವುದಿಲ್ಲ. ನಮ್ಮ ಮನೆಯ ಗಂಡಸರು ತಲೆತಲಾಂತರದಿಂದ ಹಾಗೇ ಕೂತು ಎಲೆಅಡಿಕೆ ಹಾಕಿದವರು. ಮಳೆ ನಿಲ್ಲಿಸುವುದು ತೋಟದ ಕೆಲಸವನ್ನು. ಒಳಗಿನ ಕೆಲಸ ಆ ದಿನ ಎರಡು ಪಟ್ಟಾಗುತ್ತದೆ. ನಿನ್ನ ಹೆಂಡತಿ ಅದನ್ನು ಬಾಯಿಬಿಟ್ಟು ಹೇಳುವ ಮೊದಲೇ ನಿನಗೆ ಗೊತ್ತಿರಲಿ.

ಮಳೆಗಾಲದ ದಿನಕ್ಕೆ ಬಚ್ಚಲೊಲೆಯೇ ಯಜಮಾನ. ಒದ್ದೆ ಹವೆಯಲ್ಲಿ ಅದನ್ನು ಹೊತ್ತಿಸುವುದೇ ಒಂದು ಕಷ್ಟ. ಒಣ ಅಡಿಕೆ ಸಿಪ್ಪೆ, ಎರಡು ಕರಟ, ಊದುಕೊಳವೆ, ಕಣ್ಣಲ್ಲಿ ನೀರು. ಹೊತ್ತಿದ ಮೇಲೆ ಸ್ನಾನವಾಯಿತು ಅಂತ ಆರಲು ಬಿಟ್ಟರೆ ಅಷ್ಟೂ ದಂಡ. ಅದೇ ಬೆಂಕಿಯಿಂದ ಸಂಜೆವರೆಗೆ ಕೆಲಸ ತೆಗೆಯಬೇಕು. ಹಂಡೆಯಲ್ಲಿ ನೀರು ಕಾಯುತ್ತಿರಲಿ, ಒಲೆಯ ಪಕ್ಕದಲ್ಲಿ ನಾಳೆಗೆ ಬೇಕಾದ ಸೌದೆ ಬೆಚ್ಚಗಾಗಲಿ, ಮೇಲಿನ ಹಗ್ಗದಲ್ಲಿ ಬಟ್ಟೆ ಆರಲಿ. ಸೌದೆಯನ್ನು ತೀರಾ ಬೆಂಕಿಯ ಬಾಯಿಗೆ ತಾಗಿಸಿ ಇಡಬೇಡ, ಹಗ್ಗವನ್ನೂ ಎತ್ತರದಲ್ಲೇ ಕಟ್ಟು. ಬಟ್ಟೆಗೆ ಹೊಗೆವಾಸನೆ ಹತ್ತುತ್ತದೆ, ನಿಜ. ಬೂಸಲಿನ ವಾಸನೆಗಿಂತ ಅದು ಎಷ್ಟೋ ವಾಸಿ. ಮತ್ತೆ ಆ ಜೀನ್ಸ್ ಪ್ಯಾಂಟುಗಳನ್ನು ಕಟ್ಟಿ ಅಟ್ಟಕ್ಕೆ ಕಳಿಸು ಮಾರಾಯ. ಈಗ ಒಗೆದರೆ ಅವು ಒಣಗುವುದು ನವರಾತ್ರಿಗೇ.

ಸೌದೆ ತರುವ ಕೆಲಸ ನಿನ್ನದಾಗಲಿ. ಬೆಳಕಿರುವಾಗಲೇ ತಂದುಹಾಕು. ರಾಶಿಯೊಳಗೆ ಬರಿಗೈ ಹಾಕಬೇಡ. ಮೊದಲು ಕೋಲಿನಿಂದ ತಟ್ಟು, ಆಮೇಲೆ ಒಂದೊಂದೇ ತುಂಡು ಎತ್ತು. ಹೊರಗೆ ಎಲ್ಲೆಲ್ಲೂ ನೀರಾದಾಗ ಹಾವಿಗೂ ಬೆಚ್ಚಗಿನ ಜಾಗ ಬೇಕಲ್ಲ.

ಇನ್ನು ಅಡಿಗೆ. ಮಳೆದಿನ ಪೇಟೆಯಿಂದ ಕೋಸು, ಕ್ಯಾರೆಟ್ ತರಿಸುವುದು ಯಾಕೋ ನನಗೆ ಸರಿಕಾಣುವುದಿಲ್ಲ. ಹಿತ್ತಿಲಲ್ಲಿ ಕೆಸು ಬೆಳೆದು ನಿಂತಿದೆ, ಹಳೇ ಹಲಸಿನ ಮರದ ಕವಲಿನಲ್ಲಿ ಮರಕೆಸು ಚಿಗುರಿದೆ. ಪತ್ರೊಡೆಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ, ದಿನವಿಡೀ ಮನೆಯಲ್ಲಿರುವ ಜನರಿಗೆ ಇದಕ್ಕಿಂತ ಒಳ್ಳೆಯ ಕೆಲಸವೂ ಇಲ್ಲ.

ಬೆಳಗ್ಗೆಯೇ ಅಕ್ಕಿ ನೆನೆಹಾಕಿ. ತೀರಾ ಎಳೆಯದೂ ಅಲ್ಲದ, ಬಲಿತು ಹರಿಯುವಂಥದ್ದೂ ಅಲ್ಲದ ಎಲೆ ಕೊಯ್ದು ತಾ. ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಕೂತು, ಎಲೆ ಮಗುಚಿ, ಬೆನ್ನಿನ ದಪ್ಪ ನಾರನ್ನು ಚೂರಿಯಲ್ಲಿ ಹೆರೆದು ಎಲೆಯ ಮಟ್ಟಕ್ಕೆ ತರಬೇಕು. ನಾರು ಉಳಿದರೆ ಸುರುಳಿ ಸುತ್ತುವಾಗ ಎಲೆ ಮುರಿಯುತ್ತದೆ, ಅವಸರ ಮಾಡಿದರೆ ಹರಿಯುತ್ತದೆ. ಇಂಥ ಕೆಲಸಕ್ಕೇ ನೀನು ಬೇಕು, ಜಗಲಿಯಲ್ಲೇ ಕೂತು ಮಾಡಬಹುದು! ಅಷ್ಟರಲ್ಲಿ ಒಳಗೆ ಅಕ್ಕಿಯ ಜೊತೆ ಒಣಮೆಣಸು, ಕೊತ್ತಂಬರಿ ಬೀಜ, ಜೀರಿಗೆ, ಅರಿಶಿನ, ಕಾಯಿತುರಿ, ಬೆಲ್ಲ, ಹುಣಸೆಹುಳಿ ಸೇರಿಸಿ ಸ್ವಲ್ಪ ತರಿಯಾಗಿ ರುಬ್ಬಿರುತ್ತಾರೆ. ಹಿಟ್ಟು ಗಟ್ಟಿಯಿರಲಿ, ಎಲೆಯ ಮೇಲಿಂದ ಜಾರಬಾರದು. ದೊಡ್ಡ ಎಲೆ ಕೆಳಗೆ, ಹಿಂಬದಿ ಮೇಲೆ ಮಾಡಿ ಹಚ್ಚುವುದು, ಅದರ ಮೇಲೆ ಇನ್ನೊಂದು, ಮತ್ತೆ ಹಿಟ್ಟು. ನಾಲ್ಕೈದು ಎಲೆಯಾದ ಮೇಲೆ ಎರಡೂ ಅಂಚು ಒಳಗೆ ಮಡಚಿ ಬಿಗಿಯಾಗಿ ಸುತ್ತಿ ಹಬೆಗೆ ಇಡಿ. ಹುಳಿಯಲ್ಲಿ ಕಂಜೂಸಿ ಬೇಡ. ಕೆಸುವಿನಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿರುತ್ತವೆ, ಗಂಟಲು ತುರಿಸುವುದು ಅವುಗಳಿಂದಲೇ. ಹುಳಿಯೂ ಬೇಕು, ಮುಕ್ಕಾಲು ಗಂಟೆಯಿಂದ ಒಂದು ಗಂಟೆಯವರೆಗೆ ಚೆನ್ನಾಗಿ ಬೇಯಲೂಬೇಕು. ಬಿಸಿಯಿರುವಾಗ ಕತ್ತರಿಸಿದರೆ ಪುಡಿಯಾಗುತ್ತದೆ. ತಣಿದ ಮೇಲೆ ಬಿಲ್ಲೆ ಮಾಡಿ, ಕಾವಲಿಯ ಮೇಲೆ ಎಣ್ಣೆ ಬಿಟ್ಟು ಎರಡೂ ಕಡೆ ಕೆಂಪಗೆ ಕಾಯಿಸಿ. ಮಾರನೆಯ ದಿನ ಇನ್ನೂ ರುಚಿ. ಆದ್ದರಿಂದ ಜಾಸ್ತಿಯೇ ಮಾಡಿಕೊಳ್ಳಿ.

ಕಳಲೆ ಬೇಕು ಅನಿಸಿದರೆ ಬೇಲಿಯ ಬಿದಿರಿನದೇ ಸಾಕು. ಕಾಡಿಗೆ ಹೋಗಿ ಮುರಿದರೆ ಅರಣ್ಯ ಇಲಾಖೆಯವರು ಕೇಳುತ್ತಾರೆ, ಕೇಳಬೇಕಾದ್ದೇ. ಹೆಚ್ಚಿ ನೀರಿಗೆ ಹಾಕಿ, ದಿನಾ ನೀರು ಬದಲಿಸುತ್ತಾ ಮೂರು ದಿನ ಬಿಡಬೇಕು. ಹಸಿ ಕಳಲೆಯಲ್ಲಿ ಸಯನೈಡ್ ಹುಟ್ಟಿಸುವ ವಿಷವಿರುತ್ತದೆ. ಬಸಿದ ನೀರನ್ನು ದನ ಬಾಯಿ ಹಾಕುವ ಕಡೆ ಚೆಲ್ಲಬೇಡಿ. ಅಣಬೆಯ ವಿಷಯದಲ್ಲಂತೂ ಧೈರ್ಯವೇ ಬೇಡ. ಬೆಳ್ಳಿ ಚಮಚ ಕಪ್ಪಾಗಲಿಲ್ಲ, ಅನ್ನ ಬಣ್ಣ ತಿರುಗಲಿಲ್ಲ ಅನ್ನುವ ಪರೀಕ್ಷೆಗಳೆಲ್ಲ ಸುಳ್ಳು. ಗುರುತಿಸಿ ತಿಂದು ಬಲ್ಲವರು ಪಕ್ಕದಲ್ಲಿದ್ದರೆ ಸರಿ, ಇಲ್ಲದಿದ್ದರೆ ನೋಡಿ ಖುಷಿಪಡಿ.

ಎಲ್ಲಾ ದಿನ ಪತ್ರೊಡೆಯಾಗಬೇಕಿಲ್ಲ. ಭರಣಿಯಲ್ಲಿ ಉಪ್ಪಿಗೆ ಹಾಕಿದ ಹಲಸಿನ ಸೊಳೆ ಕೊಟ್ಟಿದ್ದೇನೆ, ನೆನೆಸಿ ಉಪ್ಪು ಬಿಡಿಸಿ ಪಲ್ಯ ಮಾಡಿ. ಮೆಣಸಿನ ಸಾರು, ಕೆಂಡದ ಮೇಲೆ ಸುಟ್ಟ ಹಲಸಿನ ಹಪ್ಪಳ, ಒಂದು ಅಪ್ಪೆಮಿಡಿ ಇದ್ದರೆ ಊಟ ಮುಗಿಯಿತು. ಹಲಸಿನ ಬೀಜವನ್ನು ಬಿಸಿಬೂದಿಗೆ ತಳ್ಳುವ ಮೊದಲು ಚೂರಿಯಲ್ಲಿ ಒಂದು ಗೀರು ಹಾಕಿ, ಇಲ್ಲದಿದ್ದರೆ ಪಟಾಕಿಯಾಗಿ ಮುಖಕ್ಕೇ ಸಿಡಿಯುತ್ತದೆ.

ಹೊರಗಿನದ್ದು ಸ್ವಲ್ಪವೇ, ಆದರೆ ಬಿಡುವಂತಿಲ್ಲ. ಅಂಗಳದ ಪಾಚಿ ಕೆರೆದು ಕೊಟ್ಟಿಗೆಯವರೆಗೆ ಅಡಿಕೆ ದಬ್ಬೆ ಹಾಸು. ಹಾಲಿನ ಚೆಂಬು ಹಿಡಿದು ಹೋಗುವವಳು ನಿನ್ನ ಹೆಂಡತಿ. ಕೊಟ್ಟಿಗೆಗೆ ಒಣ ದರಗು ಹಾಕದೆ ಮಲಗಬೇಡ, ದನದ ಕಾಲಿನ ಗೊರಸು ಕೊಳೆಯುತ್ತದೆ. ಕರೆಂಟು ಹೋದರೆ ಯಾವಾಗ ಬರುತ್ತದೋ ಹೇಳುವಂತಿಲ್ಲ. ಇರುವಾಗಲೇ ಟ್ಯಾಂಕು ತುಂಬಿಸಿ, ಫೋನು ಚಾರ್ಜು ಮಾಡಿ, ದೋಸೆಹಿಟ್ಟು ರುಬ್ಬಿಬಿಡಿ. ತೋಟಕ್ಕೆ ಹೋಗಲೇಬೇಕಾದರೆ ಬಸಿಗಾಲುವೆಗೆ ಸೋಗೆ ಅಡ್ಡಬಿದ್ದಿದೆಯಾ ನೋಡಿ ಬಾ. ಬಂದವನು ಬಾಗಿಲಲ್ಲೇ ಕಾಲು ನೋಡಿಕೋ. ಉಂಬಳ ಕಚ್ಚಿದ್ದರೆ ಕಿರುಚುತ್ತಾ ಕೀಳಬೇಡ, ಚಿಟಿಕೆ ಉಪ್ಪು ಹಾಕು, ತಾನೇ ಉದುರುತ್ತದೆ.

ಮನೆಯೊಳಗೆ ಕೂತಿದ್ದರೂ ಕಿವಿ ಹೊರಗಿರಲಿ. ಮಳೆ ಹೊಳವಾದ ದಿನ ಬೇರೆಲ್ಲ ಕೆಲಸ ಬದಿಗಿಟ್ಟು ಅಡಿಕೆಗೆ ಔಷಧಿ ಹೊಡೆಸಬೇಕು. ಮೊದಲ ಸಲ ಹೊಡೆಸಿ ನಲವತ್ತು ದಿನ ದಾಟಿದರೆ ಕೊಳೆರೋಗ ಅಡಿಕೆ ಗೊನೆಗೆ ಇಳಿದಂತೆಯೇ. ಮೈಸೂರು ಸಂಸ್ಥಾನದ ಕಾಲದಲ್ಲಿ ಲೆಸ್ಲಿ ಕೋಲ್ಮನ್ ಅಂತ ಕೆನಡಾದ ವಿಜ್ಞಾನಿಯೊಬ್ಬರು ಈ ರೋಗದ ಬೆನ್ನುಹತ್ತಿ, ಬೋರ್ಡೋ ದ್ರಾವಣವನ್ನು ನಮ್ಮ ತೋಟಗಳಿಗೆ ಪರಿಚಯಿಸಿದರು; ನೂರು ವರ್ಷ ಕಳೆದರೂ ಮಲೆನಾಡು ಇನ್ನೂ ಅದನ್ನೇ ನಂಬಿದೆ. ಒಂದು ಕಿಲೋ ಮೈಲುತುತ್ತ 50 ಲೀಟರ್ ನೀರಿಗೆ, ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರ್‌ಗೆ, ಎರಡನ್ನೂ ಪ್ಲಾಸ್ಟಿಕ್ ಡ್ರಮ್ಮಿನಲ್ಲೇ ಕಲಸು, ಕಬ್ಬಿಣದ ಪಾತ್ರೆ ಆಗದು. ಕೂಡಿಸಿದ ಮೇಲೆ ಹೊಳೆಯುವ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆ. ಅಲಗಿಗೆ ತಾಮ್ರದ ಕೆಂಪು ಹತ್ತಿದ್ದರೆ ಸುಣ್ಣ ಸಾಲದು, ಇನ್ನಷ್ಟು ಹಾಕು. ಕಲಸಿದ್ದನ್ನು ಅವತ್ತೇ ಮುಗಿಸಬೇಕು, ನಾಳೆಗೆ ಇಡುವಂತಿಲ್ಲ. ಮರ ಹತ್ತುವವರಿಗೆ ಹಿಂದಿನ ಸಂಜೆಯೇ ಫೋನು ಮಾಡು, ಹೊಳವು ಕಂಡರೆ ಊರೆಲ್ಲಾ ಅವರನ್ನೇ ಕರೆಯುತ್ತದೆ. ಬಂದವರಿಗೆ ಉಳಿದ ಪತ್ರೊಡೆ ಕಾಯಿಸಿ ಕೊಡಿ. ಊಟಕ್ಕೆ ಕೂರುವ ಮೊದಲು ಬಚ್ಚಲೊಲೆಯ ಬಿಸಿನೀರು, ಸಾಬೂನು ಕೊಟ್ಟು ಮೊಣಕೈವರೆಗೆ ತೊಳೆಸಿ. ಮೈಲುತುತ್ತ ಹೊಟ್ಟೆಗೆ ಹೋಗಬಾರದು.