ವಾರದ ಹೂವು, ವಾರದ ಕೂಲಿ



ಮಾಲೆ ಕಟ್ಟುವುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಹೋಟೆಲ್, ಲಾಡ್ಜ್, ಆಫೀಸುಗಳಿಗೆ ಪ್ರತಿ ವಾರ ಹೂವಿನ ಅಲಂಕಾರ ಮಾಡಿಕೊಡುವುದು ಬೇರೆಯೇ ಕೆಲಸ. ಮಾಲೆ ಒಂದು ದಿನ ಚೆನ್ನಾಗಿದ್ದರೆ ಸಾಕು. ಇಲ್ಲಿ ಸೋಮವಾರ ಇಟ್ಟ ಹೂವು ಶನಿವಾರವೂ ನೋಡುವ ಹಾಗಿರಬೇಕು. ಗಿರಾಕಿ ಹಣ ಕೊಡುವುದು ಈ ಆರು ದಿನದ ಆರೈಕೆಗೆ. ಬರೀ ಹೂವಿನ ಬೆಲೆ ಕೇಳಿದರೆ ನಮ್ಮ ದುಡಿಮೆ ಪುಕ್ಕಟೆ ಆಗ್ತದೆ.

1. ಮೊದಲು ಜಾಗ ನೋಡೋಣ
ಬಾಗಿಲ ಎದುರಿನ ಕೌಂಟರಿಗೆ ದೂರದಿಂದ ಕಾಣುವ ಎತ್ತರದ ಅಲಂಕಾರ ಒಪ್ಪುತ್ತದೆ. ಊಟದ ಮೇಜಿಗೆ ಒಂದು ಅಡಿಗಿಂತ ಎತ್ತರ ಬೇಡ, ಎದುರು ಕೂತವರ ಮುಖ ಕಾಣಬೇಕಲ್ವಾ? ಅಲ್ಲಿ ಸುಗಂಧರಾಜದಂಥ ಗಾಢ ಪರಿಮಳದ ಹೂವೂ ಬೇಡ. ಕಣಗಿಲೆ ವಿಷ, ಅದನ್ನು ಊಟದ ಹತ್ತಿರ ತರಲೇಬಾರದು. ಬಿಸಿಲು, ಫ್ಯಾನ್ ಅಥವಾ ಎ.ಸಿ. ಗಾಳಿ ನೇರವಾಗಿ ತಾಗುವ ಕಡೆ ಹೂವು ಬೇಗ ಬಾಡುತ್ತದೆ. ಮಾಗಿದ ಹಣ್ಣಿನ ಬುಟ್ಟಿಯ ಪಕ್ಕದಲ್ಲೂ ಹಾಗೇ.

2. ಬಾಳಿಕೆ ಬರುವ ಹೂವು
ಆಂಥೂರಿಯಂ ಸಾಮಾನ್ಯವಾಗಿ ಎರಡು ವಾರ ಇರುತ್ತದೆ. ಸೇವಂತಿಗೆ ಒಂದು ವಾರ ದಾಟುತ್ತದೆ. ಗುಲಾಬಿ, ಜರ್ಬೆರಾ ಚೆನ್ನಾಗಿ ನೋಡಿಕೊಂಡರೆ ಐದಾರು ದಿನ. ದಾಸವಾಳ ಒಂದೇ ದಿನ, ಈ ಕೆಲಸಕ್ಕೆ ಆಗದು. ಹಿತ್ತಲಿನ ಕ್ರೋಟನ್, ಜರೀಗಿಡದ ಎಲೆಗಳನ್ನು ಸೇರಿಸಿದರೆ ಕಡಿಮೆ ಹೂವಿನಲ್ಲೇ ಅಲಂಕಾರ ತುಂಬಿಕೊಳ್ಳುತ್ತದೆ.

3. ಆರೈಕೆ
ಹೂವನ್ನು ಬೆಳಗಿನ ತಂಪಿನಲ್ಲಿ ಕೊಯ್ಯಬೇಕು. ಹರಿತವಾದ ಚಾಕುವಿನಿಂದ ದಂಟನ್ನು ಓರೆಯಾಗಿ ಕತ್ತರಿಸಿ, ಮೂರು ನಾಲ್ಕು ಗಂಟೆ ನೀರಿನಲ್ಲಿ ನೆರಳಲ್ಲಿಡಿ. ನೀರಿನೊಳಗೆ ಮುಳುಗುವ ಎಲೆಗಳನ್ನು ತೆಗೆದುಬಿಡಿ. ಅವು ಕೊಳೆತರೆ ದಂಟಿನ ನಾಳ ಕಟ್ಟಿಕೊಂಡು, ನೀರಿದ್ದರೂ ಹೂವು ತಲೆ ಬಗ್ಗಿಸುತ್ತದೆ. ಜರ್ಬೆರಾದ ದಂಟು ಬೇಗ ಕೊಳೆಯುವುದರಿಂದ 2-3 ಅಂಗುಲ ನೀರು ಸಾಕು. ಎರಡು ದಿನಕ್ಕೊಮ್ಮೆ ಹೂದಾನಿ ತೊಳೆದು ನೀರು ಬದಲಿಸಿ, ದಂಟಿನ ತುದಿಯನ್ನೂ ಸ್ವಲ್ಪ ಕತ್ತರಿಸಿ. ಹೂವು ನಿಲ್ಲಿಸಲು ಹಸಿರು ಫೋಮ್ ಬದಲು ತಂತಿ ಬಲೆ ಮಡಚಿ ಇಟ್ಟರೆ ಮತ್ತೆ ಮತ್ತೆ ಬಳಸಬಹುದು.

4. ಲೆಕ್ಕ
ಒಂದು ಆಫೀಸಿನ ವಾರದ ಲೆಕ್ಕವನ್ನು ಉದಾಹರಣೆಗೆ ನೋಡೋಣ:
ಹೂವು, ಎಲೆ – 350 ರೂ.
ಮೂರು ಸಲದ ಪ್ರಯಾಣ – 150 ರೂ.
ದುಡಿಮೆ, 4 ಗಂಟೆಗೆ 75 ರೂಪಾಯಿಯಂತೆ – 300 ರೂ.
ಹಾಳಾಗುವ ಹೂವು, ಹೂದಾನಿ ಸವೆತ – 50 ರೂ.
ಸಂಘದ ಉಳಿತಾಯ – 100 ರೂ.
ಒಟ್ಟು – 950 ರೂ.

"500 ಕೊಡ್ತೇವೆ" ಅಂದಾಗ ಖುಷಿಯಿಂದ ತಲೆಯಾಡಿಸಿದರೆ, ಅದು ಹೂವಿಗೂ ಬಸ್ಸಿಗೂ ಮುಗಿಯಿತು. ನಾಲ್ಕು ಗಂಟೆ ದುಡಿದದ್ದು ಸೊನ್ನೆ! ಗಿರಾಕಿಯ ಹತ್ತಿರ ಅಷ್ಟೇ ಹಣವಿದ್ದರೆ ಅಲಂಕಾರವನ್ನು ಚಿಕ್ಕದು ಮಾಡೋಣ, ಕೂಲಿಯನ್ನಲ್ಲ.

ವರಮಹಾಲಕ್ಷ್ಮಿ, ಆಯುಧಪೂಜೆ ಸಮಯದಲ್ಲಿ ಹೂವಿನ ಬೆಲೆ ಏರುತ್ತದೆ. ಆದ್ದರಿಂದ ಒಪ್ಪಂದದಲ್ಲಿ ಇಂಥದೇ ಹೂವು ಎಂದು ಬರೆಯದೆ "ಆಯಾ ಕಾಲದ ಹೂವು" ಎಂದು ಬರೆಸಿ. ಹಣ ಕೊಡುವ ದಿನಾಂಕವನ್ನೂ ಬರೆಸಿ. ಹಣ ಸಂಘದ ಬ್ಯಾಂಕ್ ಖಾತೆಗೇ ಬರಲಿ.

ಸಭೆಯಲ್ಲಿ ಚರ್ಚಿಸಿ
* ನಮ್ಮ ಹಿತ್ತಲುಗಳಲ್ಲಿ ಐದು ದಿನ ಬಾಳುವ ಹೂವು, ಎಲೆ ಯಾವುವು? ಹೂದಾನಿಯಲ್ಲಿಟ್ಟು ದಿನ ಎಣಿಸಿ.
* ವಾರದ ನಡುವೆ ನೀರು ಬದಲಿಸಲು ಯಾರು ಹೋಗುತ್ತಾರೆ? ಅವರ ಕೂಲಿ ಎಷ್ಟು?