ನೀರಿಗೆ ಹಾಕುವ ಮುನ್ನ ಠಸ್ಸೆ ನೋಡಿ

ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಹಳೆಯ ಮನೆಗಳಲ್ಲಿ ಟ್ರಂಕು ತೆಗೆದರೆ ನಿಜಾಮರ ಕಾಲದ ಟಪಾಲು ಸಿಗುವುದುಂಟು. ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ಅಂಚೆ ಇತ್ತು; 1869ರಿಂದ ತನ್ನದೇ ಸ್ಟ್ಯಾಂಪೂ ಬಂತು. 1931ರ ಮಾಲೆಯಲ್ಲಿ ಒಂದು ಆಣೆಯದರ ಮೇಲೆ ಚಾರ್‌ಮಿನಾರ್, ಹನ್ನೆರಡು ಆಣೆಯದರ ಮೇಲೆ ನಮ್ಮ ಬೀದರಿನ ಮಹಮೂದ್ ಗವಾನ್ ಮದರಸಾ.

ಸಂಗ್ರಹಕ್ಕೆ ಹೊಸಬರು ಮೊದಲು ಮಾಡುವ ಕೆಲಸ ಲಕೋಟೆಯಿಂದ ಸ್ಟ್ಯಾಂಪ್ ಕತ್ತರಿಸುವುದು. ದಯವಿಟ್ಟು ಬೇಡ. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲೇ ರೈಲು ಓಡಿತು, ಚಿತ್ತಾಪುರ, ಸೇಡಂ ಅದೇ ಹಾದಿಯಲ್ಲಿವೆ. ಆ ಹಾದಿಯಲ್ಲಿ ಸಾಗಿದ ಕಾಗದ ಎಲ್ಲಿಂದ ಹೊರಟಿತು, ಯಾವಾಗ ಮುಟ್ಟಿತು ಎಂಬುದನ್ನು ಹೇಳುವುದು ಲಕೋಟೆಯ ಮೇಲಿನ ಅಂಚೆ ಠಸ್ಸೆ. ಅದು ಸ್ಪಷ್ಟವಾಗಿದ್ದರೆ ಲಕೋಟೆಯನ್ನು ಇಡಿಯಾಗಿಯೇ ಉಳಿಸಿ. ನನ್ನ ಮಟ್ಟಿಗೆ ಸಣ್ಣ ಊರಿನ ಠಸ್ಸೆ ಇರುವ ಲಕೋಟೆ, ಬಿಡಿ ಸ್ಟ್ಯಾಂಪುಗಳ ಇಡೀ ಪುಟಕ್ಕಿಂತ ಮೇಲು.

ಕಾಗದದ ತುಂಡಿಗೆ ಅಂಟಿಕೊಂಡ, ಬಳಸಿದ ಸ್ಟ್ಯಾಂಪನ್ನು ಮಾತ್ರ ನೆನೆಹಾಕಿ. ವಾಡಿ, ಶಹಾಬಾದ್ ಕಡೆಯವರಾದರೆ ಸಿಮೆಂಟಿನ ಧೂಳನ್ನು ಮೊದಲು ಒಣ, ಮೆತ್ತನೆಯ ಕುಂಚದಿಂದ ಸರಿಸಿ. ಹಸಿಯಾದರೆ ಅದು ಕಚ್ಚಿಕೊಳ್ಳುತ್ತದೆ. ಅಗಲ ತಟ್ಟೆಯಲ್ಲಿ ತಣ್ಣೀರು ಸಾಕು, ಸಾಬೂನು ಬೇಡ. ಕೆಂಪು, ನೇರಳೆ ಶಾಯಿ ನೀರಿನಲ್ಲಿ ಬಿಡಬಹುದು, ಅಂಥವನ್ನು ಬೇರೆಯಾಗಿಡಿ. ಗೋಂದು ಕರಗಿದಾಗ ಸ್ಟ್ಯಾಂಪು ತಾನಾಗಿ ಜಾರಿಬರುತ್ತದೆ. ಜಾರದಿದ್ದರೆ ಇನ್ನಷ್ಟು ಹೊತ್ತು ಬಿಡಿ, ಎಳೆಯಬೇಡಿ. ಒದ್ದೆ ಕಾಗದ ಹಪ್ಪಳದ ಹಿಟ್ಟಿನಷ್ಟು ಬೇಗ ಹರಿಯುತ್ತದೆ. ಉಳಿದ ಗೋಂದನ್ನು ಇನ್ನೊಂದು ತಟ್ಟೆಯ ನೀರಿನಲ್ಲಿ ತೊಳೆದು, ಚಿತ್ರ ಕೆಳಗಾಗಿ ಬ್ಲಾಟಿಂಗ್ ಪೇಪರಿನ ಮೇಲೆ ನೆರಳಿನಲ್ಲಿ ಆರಿಸಿ. ಪೂರ್ತಿ ಆರಿದ ಮೇಲೆ ದಪ್ಪ ಪುಸ್ತಕದ ನಡುವೆ ಇಟ್ಟರೆ ಸುರುಳಿ ಹೋಗುತ್ತದೆ. ಬಳಸದ ಸ್ಟ್ಯಾಂಪಿಗೆ ನೀರು ಸೋಕಿಸಲೇಬಾರದು. ಹಿಂದಿನ ಮೂಲ ಗೋಂದೂ ಅದರ ಬೆಲೆಯ ಭಾಗ.

ಹರಿದಿದ್ದಕ್ಕೆ ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಟ್ ಮಾಡಿಸಬೇಡಿ. ಹರಿದದ್ದು ಹರಿದಂತೆಯೇ ಇರಲಿ.

ನಮ್ಮ ಬೇಸಿಗೆಗಿಂತ ಮಳೆಗಾಲದ್ದೇ ಹೆಚ್ಚು ಭಯ. ತೇವ ತಗುಲಿದರೆ ಬೂಷ್ಟು ಹಿಡಿದು ಕಂದು ಚುಕ್ಕೆ ಬೀಳುತ್ತದೆ, ಅದು ಪಕ್ಕದ ಸ್ಟ್ಯಾಂಪಿಗೂ ಹಬ್ಬುತ್ತದೆ. ಚುಕ್ಕೆ ಕಂಡದ್ದನ್ನು ಕೂಡಲೇ ಬೇರೆಯಿಡಿ. ಸ್ಟ್ಯಾಂಪ್ ಇಡುವ ಸ್ಟಾಕ್ ಬುಕ್ಕನ್ನು ಕಲ್ಲಿನ ಗೋಡೆಗೆ ತಾಗಿಸದೆ, ಮಲಗಿಸದೆ ನಿಲ್ಲಿಸಿ, ಆಗಾಗ ತೆರೆದು ಗಾಳಿಯಾಡಿಸಿ. ಮುಟ್ಟುವುದು ಚಪ್ಪಟೆ ತುದಿಯ ಚಿಮಟದಿಂದಲೇ. ಬೆರಳಿನ ಬೆವರು ಕಲೆ ಮಾಡುತ್ತದೆ.

ನಿಜಾಮರ ಕಾಲದ ಎಷ್ಟೋ ಲಕೋಟೆಗಳ ವಿಳಾಸ ಉರ್ದುವಿನಲ್ಲಿದೆ. ಓದಬಲ್ಲ ಹಿರಿಯರು ಊರಿನಲ್ಲಿ ಇರುವಾಗಲೇ ಅವನ್ನು ಓದಿಸಿ, ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.