ಕ್ರೂಗರ್‌ಗೆ ಹೊರಡುವ ಮುನ್ನ ತಿಳಿದಿರಬೇಕಾದ್ದು

ಬೇಸಿಗೆ ರಜೆ ಹತ್ತಿರ ಬಂತೆಂದರೆ ನಮ್ಮ ಸಂಘದ ವಾಟ್ಸಾಪ್ ಗುಂಪಿನಲ್ಲಿ "ಆಫ್ರಿಕಾ ಸಫಾರಿಗೆ ಎಷ್ಟಾಗತ್ತೆ?" ಅನ್ನೋ ಪ್ರಶ್ನೆ ಬಂದೇ ಬರುತ್ತದೆ. ಸಫಾರಿ ಅಂದರೆ ಲಕ್ಷಗಟ್ಟಲೆ ಖರ್ಚು ಅನ್ನೋದು ಎಲ್ಲ ಕಡೆಗೂ ನಿಜವಲ್ಲ. ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ ನಾಲ್ಕು ಜನ ಸೇರಿ ಒಂದು ಸಾಧಾರಣ ಬಾಡಿಗೆ ಕಾರು ಹಿಡಿದು, ನಾವೇ ಓಡಿಸಿಕೊಂಡು ಪ್ರಾಣಿ ನೋಡಬಹುದು. ಬಂಡೀಪುರ, ನಾಗರಹೊಳೆಯಲ್ಲಿ ಅರಣ್ಯ ಇಲಾಖೆಯ ಗಾಡಿ ಹತ್ತಿ ಕೂತು ರೂಢಿಯಾದವರಿಗೆ ಇದು ಹೊಸ ಅನುಭವ. ಅಲ್ಲಿ ಡ್ರೈವರ್ ನಮ್ಮ ಪರವಾಗಿ ಯೋಚನೆ ಮಾಡುತ್ತಾನೆ, ಇಲ್ಲಿ ಸ್ಟೀರಿಂಗ್ ಹಿಡಿದವರೇ ಮಾಡಬೇಕು.

ಬ್ರಿಟನ್ನಿನ ಬೇಸಿಗೆ ಅಂದರೆ ಅಲ್ಲಿ ಚಳಿಗಾಲ, ಒಣ ಹವೆ. ನಮ್ಮ ಅದೃಷ್ಟಕ್ಕೆ ಅದೇ ಒಳ್ಳೆ ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹುಲ್ಲು ಒಣಗಿ ಬಗ್ಗಿರುತ್ತದೆ, ನೀರಿರುವ ಕಡೆಗೇ ಪ್ರಾಣಿಗಳು ಬರುತ್ತವೆ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ವೀಸಾ ಬೇಕು, ಅದಕ್ಕೆ ಮೊದಲೇ ಅರ್ಜಿ ಹಾಕಿ. ವಿಮಾನ ಟಿಕೆಟ್ ಅಗ್ಗ ಅಂತ ನೈರೋಬಿ ಅಥವಾ ಅಡಿಸ್ ಅಬಾಬಾ ಮೂಲಕ ಹೋಗುವವರು ಒಂದು ವಿಷಯ ಗಮನಿಸಿ: ಅಂಥ ಕಡೆ 12 ಗಂಟೆಗಿಂತ ಹೆಚ್ಚು ಕಾದರೆ ದಕ್ಷಿಣ ಆಫ್ರಿಕಾ ಹಳದಿ ಜ್ವರದ ಲಸಿಕೆ ಪತ್ರ ಕೇಳುತ್ತದೆ. ಲಸಿಕೆ ಹಾಕಿಸಿ 10 ದಿನ ಆದ ಮೇಲೆಯೇ ಆ ಪತ್ರಕ್ಕೆ ಬೆಲೆ.

ಕ್ರೂಗರ್ 1926ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ವಿಸ್ತೀರ್ಣ ಹತ್ತಿರಹತ್ತಿರ 20,000 ಚದರ ಕಿ.ಮೀ. ಇಪ್ಪತ್ತಕ್ಕೂ ಹೆಚ್ಚು ಬಂಡೀಪುರ ಅದರೊಳಗೆ ಹಿಡಿಸುತ್ತವೆ! ಆದ್ದರಿಂದ ನಾಲ್ಕು ದಿನದಲ್ಲಿ ಪೂರ್ತಿ ನೋಡುವ ಆಸೆ ಬಿಡಿ. ದಕ್ಷಿಣ ಭಾಗದ ಸ್ಕುಕುಜಾ, ಲೋಯರ್ ಸಾಬಿ ಕ್ಯಾಂಪುಗಳಲ್ಲೇ ಉಳಿದುಕೊಂಡು, ಅವೆರಡರ ನಡುವೆ ಸಾಬಿ ನದಿಯ ಪಕ್ಕದಲ್ಲಿ ಸಾಗುವ ರಸ್ತೆಯಲ್ಲಿ ಎರಡು ಸಲ ಓಡಾಡಿದರೂ ಸಾಕು ಅನ್ನೋದು ನನ್ನ ಅಭಿಪ್ರಾಯ. ಲೋಯರ್ ಸಾಬಿ ಹತ್ತಿರದ ಸನ್‌ಸೆಟ್ ಡ್ಯಾಮ್ ಪಕ್ಕ ಕಾರು ನಿಲ್ಲಿಸಿ ಒಂದು ಗಂಟೆ ಸುಮ್ಮನೆ ಕೂತುಬಿಡಿ. ನೀರಾನೆ, ಮೊಸಳೆ ತಾವಾಗೇ ಕಾಣಿಸುತ್ತವೆ. ಹುಲಿ ಮಾತ್ರ ಕೇಳಬೇಡಿ, ಆಫ್ರಿಕಾದ ಕಾಡಲ್ಲಿ ಹುಲಿ ಇಲ್ಲ.

ಇನ್ನು ಲೆಕ್ಕಾಚಾರ. ಟಾರು ರಸ್ತೆಯಲ್ಲಿ ವೇಗದ ಮಿತಿ ಗಂಟೆಗೆ 50 ಕಿ.ಮೀ., ಮಣ್ಣು ರಸ್ತೆಯಲ್ಲಿ 40. ಕ್ಯಾಂಪಿನ ಗೇಟು ಸಂಜೆ ಮುಚ್ಚುತ್ತದೆ, ಸಮಯ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ತಡವಾದರೆ ದಂಡ. ಸ್ಕುಕುಜಾದಿಂದ ಸಟಾರಾ ಕ್ಯಾಂಪಿಗೆ ಸುಮಾರು 90 ಕಿ.ಮೀ. ಇದೆ. ಎಲ್ಲೂ ನಿಲ್ಲದಿದ್ದರೆ ಎರಡು ಗಂಟೆ. ಆದರೆ ನಿಲ್ಲೋದಕ್ಕೇ ತಾನೇ ಹೋಗಿರೋದು? ಪ್ರಾಣಿ ನೋಡುತ್ತಾ ಹೋದರೆ ಸರಾಸರಿ 20 ಕಿ.ಮೀ. ಅಂತ ಇಟ್ಟುಕೊಳ್ಳಿ, ಅಂದರೆ ನಾಲ್ಕೂವರೆ ಗಂಟೆ. ಮಧ್ಯಾಹ್ನ ಎರಡಕ್ಕೆ ಹೊರಟರೆ ಕೊನೆಗೆ ವೇಗ ಹೆಚ್ಚಿಸಬೇಕಾಗುತ್ತದೆ, ಕಾಡಿನ ಅಪಘಾತಗಳು ಆಗುವುದು ಹೀಗೇ.

ನಿಗದಿಯಾದ ಜಾಗ ಬಿಟ್ಟು ಬೇರೆಲ್ಲೂ ಕಾರಿನಿಂದ ಇಳಿಯುವಂತಿಲ್ಲ. ಕಿಟಕಿಯಿಂದ ಹೊರಗೆ ಬಗ್ಗಿ ಸೆಲ್ಫಿ ತೆಗೆಯುವುದೂ ಬೇಡ. ಸಿಂಹಕ್ಕಿಂತ ಆನೆಗೆ ಹೆಚ್ಚು ಹೆದರಬೇಕು. ಒಂಟಿ ಗಂಡಾನೆ ರಸ್ತೆಯಲ್ಲಿ ಎದುರು ಬರುತ್ತಿದ್ದರೆ ಅದರ ಕೆನ್ನೆ ನೋಡಿ: ಕಣ್ಣು, ಕಿವಿಗಳ ನಡುವೆ ಕಪ್ಪಗೆ ಒದ್ದೆಯಾಗಿ ಸೋರುತ್ತಿದ್ದು, ಹಿಂಗಾಲೂ ಒದ್ದೆಯಾಗಿದ್ದರೆ ಅದಕ್ಕೆ ಮದ ಬಂದಿದೆ. ಹಾರ್ನ್ ಹೊಡೆಯದೆ ನಿಧಾನವಾಗಿ ರಿವರ್ಸ್ ತೆಗೆದುಕೊಳ್ಳಿ. ಹಿಂದಿನ ಕಾರಿಗೆ ಅಂಟಿಕೊಂಡು ನಿಲ್ಲಬಾರದು ಅನ್ನೋದು ಇದಕ್ಕೇ. ಮರಿ ಒಂದು ಕಡೆ, ತಾಯಿ ಇನ್ನೊಂದು ಕಡೆ ಇದ್ದಾಗ ನಡುವೆ ನುಗ್ಗಬೇಡಿ.

ಘೇಂಡಾಮೃಗ ಕಂಡರೆ ಖುಷಿಪಡಿ, ಫೋಟೋನೂ ತೆಗೆಯಿರಿ. ಆದರೆ ಜಾಗದ ಹೆಸರಿನ ಜೊತೆ ಇನ್‌ಸ್ಟಾಗ್ರಾಂಗೆ ಹಾಕಬೇಡಿ. ಕೊಂಬಿಗಾಗಿ ಕೊಲ್ಲುವವರೂ ಅದನ್ನು ನೋಡುತ್ತಾರೆ.

ಊಟದ ಚಿಂತೆ ಬೇಡ. ಅಡುಗೆಮನೆ ಇರುವ ಗುಡಿಸಲು ಸಿಗುತ್ತದೆ. ದಾರಿಯ ಊರುಗಳಲ್ಲೇ ಅಕ್ಕಿ, ಬೇಳೆ ಕೊಂಡು ಒಯ್ದರೆ ಸಾರು-ಅನ್ನ ಆಗೇ ಆಗತ್ತೆ. ಮಂಗ, ಬಬೂನ್‌ಗಳ ಕೈಗೆ ಸಿಗದ ಹಾಗೆ ಇಡಿ ಅಷ್ಟೇ. ಬೆಳಗಿನ ತೆರೆದ ಗಾಡಿಯ ಸಫಾರಿಗೆ ಹೋಗುವವರು ಸ್ವೆಟರ್, ಟೋಪಿ ಮರೆಯಬೇಡಿ. ಆಫ್ರಿಕಾ ಅಂದರೆ ಬಿಸಿಲು ಅಂತ ನಂಬಿ ಹೋದವರು ಗಡಗಡ ನಡುಗುತ್ತಾರೆ.

ಕಡೆಯದಾಗಿ ಮಲೇರಿಯಾ. ಚಳಿಗಾಲದಲ್ಲಿ ಅಪಾಯ ಕಡಿಮೆ, ಇಲ್ಲವೇ ಇಲ್ಲ ಅಂತಲ್ಲ. "ನಾವು ಸೊಳ್ಳೆ ಕಚ್ಚಿಸಿಕೊಂಡೇ ಬೆಳೆದವರು, ನಮಗೇನಾಗತ್ತೆ" ಅನ್ನೋ ಮಾತು ನಮ್ಮವರಲ್ಲಿ ಬಹಳ ಇದೆ. ಅದು ತಪ್ಪು. ಮಲೇರಿಯಾ ಇರುವ ಊರಲ್ಲಿ ಬೆಳೆದವರಿಗೂ ದೂರ ಬಂದ ಮೇಲೆ ಆ ಶಕ್ತಿ ಉಳಿಯುವುದಿಲ್ಲ. ಹೊರಡುವ ಕೆಲವು ವಾರ ಮುಂಚೆ ಟ್ರಾವೆಲ್ ಕ್ಲಿನಿಕ್‌ಗೆ ಹೋಗಿ ಮಾತ್ರೆ ಬೇಕೇ ಅಂತ ಕೇಳಿ. ಕೊಟ್ಟರೆ ವಾಪಸ್ ಬಂದ ಮೇಲೂ ಹೇಳಿದಷ್ಟು ದಿನ ನುಂಗಬೇಕು: ಡಾಕ್ಸಿಸೈಕ್ಲಿನ್ ಆದರೆ ನಾಲ್ಕು ವಾರ, ಮಲರೋನ್ ಆದರೆ ಒಂದು ವಾರ. ಸಂಜೆಯಿಂದ ಬೆಳಗಿನವರೆಗೆ ತುಂಬುತೋಳಿನ ಬಟ್ಟೆ, ಸೊಳ್ಳೆ ಮುಲಾಮು ಇರಲಿ. ಬಂದು ತಿಂಗಳುಗಳಾದ ಮೇಲೆ ಜ್ವರ ಬಂದರೂ ಪ್ಯಾರಾಸಿಟಮಾಲ್ ನುಂಗಿ ಮಲಗಬೇಡಿ. ಅವತ್ತೇ ವೈದ್ಯರಿಗೆ "ದಕ್ಷಿಣ ಆಫ್ರಿಕಾಕ್ಕೆ ಹೋಗಿದ್ದೆ" ಅಂತ ಮೊದಲ ಮಾತಿನಲ್ಲೇ ಹೇಳಿ, ರಕ್ತ ಪರೀಕ್ಷೆ ಕೇಳಿ.